ತಮ್ಮನೆದುರು ಕೊಟ್ಟ ಉತ್ತರ

"ಮುಳುಗುತ್ತಿರೋ ಕಾರು ಕಂಪನಿಗೆ ಸರ್ಕಾರ ಜನರ ತೆರಿಗೆ ದುಡ್ಡು ಕೊಡಬೇಕೋ ಬೇಡವೋ, ಹೇಳಿ ಮೇಡಂ," ಎಂದು ಸಮೀಕ್ಷೆಯವಳು ಫೋನಿನಲ್ಲಿ ಎರಡನೇ ಸಲ ಕೇಳಿದಳು. ಕೈಯೆಲ್ಲ ಹಿಟ್ಟಾಗಿದ್ದರಿಂದ ಅಕ್ಕ ಸ್ಪೀಕರ್ ಹಾಕಿದ್ದಳು. ಎದುರಿಗೆ ಊಟಕ್ಕೆ ಕೂತಿದ್ದ ತಮ್ಮ ಅಗಿಯುವುದನ್ನೇ ನಿಲ್ಲಿಸಿದ. ಅದೇ ಕಂಪನಿಯಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಕೆಲಸ ಅವನದು; ಕಾರ್ಖಾನೆಯ ಗೇಟು ಮುಚ್ಚಿ ತಿಂಗಳಾಗಿತ್ತು.

ಹೋದ ವರ್ಷ ಅಕ್ಕನ ಹೊಲಿಗೆ ಅಂಗಡಿ ನೆಲಕಚ್ಚಿದಾಗ ಯಾವ ಸರ್ಕಾರವೂ ತಿರುಗಿ ನೋಡಿರಲಿಲ್ಲ. 'ದೊಡ್ಡವರು ಮುಳುಗಿದರೆ ದೋಣಿ ಬರುತ್ತೆ, ನಮ್ಮಂಥವರಿಗೆ ನೀರೇ ಗತಿ' ಎಂದು ಅವಳು ನೆರೆಹೊರೆಯವರ ಮುಂದೆ ಆಡಿಕೊಳ್ಳದ ದಿನವಿರಲಿಲ್ಲ. ಈಗ ಹಿಟ್ಟಿನ ಕೈಯನ್ನು ಬಟ್ಟೆಗೆ ಒರೆಸಿ, ಮತ್ತೆ ಒರೆಸಿ, ತಮ್ಮನ ಮುಖ ನೋಡದೆ "ಕೊಡಲಿ" ಎಂದಳು.

ಫೋನು ಕಟ್ಟಾಯಿತು. ತಮ್ಮ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಕಿಟಕಿಯವರೆಗೆ ಹೋದ, ವಾಪಸ್ ಬಂದ. "ನಾನಿಲ್ಲಿ ಇಲ್ದೇ ಇದ್ದಿದ್ರೆ ಏನ್ ಹೇಳ್ತಿದ್ದೆ ಅಕ್ಕಾ?"

"ಹೇಳಿ ಆಯ್ತಲ್ಲ. ಸುಮ್ನೆ ಊಟ ಮಾಡು."

"ನನ್ನ ದಾಕ್ಷಿಣ್ಯಕ್ಕೆ ಹೇಳಿದೆ. ನಿಜ ಹೇಳು."

"ಬೇಡ ಅಂತಿದ್ದೆ ಕಣೋ!" ಅಕ್ಕನ ದನಿ ಒಡೆಯಿತು. "ನನ್ನ ಅಂಗಡಿಗೆ ಬೀಗ ಬಿದ್ದಾಗ ಯಾರಾದ್ರೂ ಊರಿಗೆಲ್ಲ ಫೋನ್ ಮಾಡಿ ಕೇಳಿದ್ರಾ? ಏನಮ್ಮಾ ಹೇಗಿದೀಯಾ ಅಂತ ಒಬ್ರಾದ್ರೂ ಬಂದ್ರಾ?"

ಅಕ್ಕನ ಅಂಗಡಿ ಮುಚ್ಚಿದಾಗ ಕಾರ್ಖಾನೆಯಲ್ಲಿ ತಮ್ಮನಿಗೆ ಓವರ್‌ಟೈಮಿನ ಸುಗ್ಗಿ.

"ನಾನೂ ಬರ್ಲಿಲ್ಲ," ಎಂದ.