ಆಶಾಬಿಯ ಕಿಟಕಿ

“ಎಲ್ಲಾ ಛಂದ ತಗದೀರಿ ಸಾಹೇಬ್ರ. ನಮ್ಮ ಅಡಗಿಮನಿ ಕಿಟಕಿ ಯಾಕ ಬಿಟ್ರಿ?” ಇನ್ನೂ ಹಸಿಯಿದ್ದ ಜಲವರ್ಣ ಚಿತ್ರಕ್ಕೆ ಬೆರಳು ತಾಗದಂತೆ ತೋರಿಸುತ್ತ ಚಿತ್ರದಲ್ಲಿದ್ದ ಮನೆಯ ಸೊಸೆ ಆಶಾಬಿ ಕೇಳಿದಳು.

ರೇವಣಸಿದ್ಧಪ್ಪನವರು ತಲೆಯೆತ್ತಿದರು. ಶಹಾಬಾದಿನ ಕಲ್ಲುಗಣಿ ಕೂಲಿಕಾರರ ಈ ಮನೆಗಳ ಸಾಲು ಐವತ್ತು ವರ್ಷಗಳ ಹಿಂದೆ ಅವರು ನಕ್ಷೆ ಬರೆದ ಮೊದಲ ಕೆಲಸ. ಆಮೇಲೆ ಹತ್ತಾರು ದೇಶಗಳಲ್ಲಿ ಕಟ್ಟಡ ಕಟ್ಟಿಸಿ, ಹೋದಲ್ಲೆಲ್ಲ ಚಿತ್ರ ಬರೆದು, ಎಂಬತ್ತರ ವಯಸ್ಸಿನಲ್ಲಿ ಇದನ್ನೊಮ್ಮೆ ನೋಡಲು ಬಂದಿದ್ದರು. ಗೋಡೆಯಲ್ಲಿದ್ದ ಒರಟು ತೂತು ಕಣ್ಣಿಗೆ ಚುಚ್ಚಿದ್ದರಿಂದ ಅದನ್ನು ಬಿಟ್ಟು ಬರೆದಿದ್ದರು.

“ಮೊದಲ ಅಲ್ಲಿ ಕಿಟಕಿನೇ ಇದ್ದಿಲ್ರಿ,” ಎಂದಳು ಆಶಾಬಿ. “ಹೊಗಿ ಕುಡದು ಕುಡದು ನಮ್ಮತ್ತಿ ಕಣ್ಣು ಹ್ವಾದ್ವು. ಆಮ್ಯಾಲ ನಮ್ಮ ಮನಿಯವರು ಗೋಡಿ ಒಡದ್ರು.”

ಬೀದಿಯ ಕಡೆ ಗೋಡೆ ನುಣುಪಾಗಿ ಕಾಣಲೆಂದು ಆ ಕಿಟಕಿಯನ್ನು ತಾವೇ ನಕ್ಷೆಯಿಂದ ಅಳಿಸಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಅದೇ ಗೋಡೆಗೆ ಬಹುಮಾನವೂ ಬಂದಿತ್ತು. ಅವರು ಕುಂಚವನ್ನು ಕೆಳಗಿಟ್ಟರು. “ಈ ಮನಿ ನಕ್ಷೆ ತಗದಾಂವ ನಾನೇ, ತಂಗಿ,” ಎಂದರು.

ಆಶಾಬಿ ಬಾಗಿಲ ಪರದೆ ಸರಿಸಿ ಹಿಡಿದು ನಿಂತಳು. “ಅತ್ತಿ ಒಳಗ ಕುಂತಾರ. ಅವರ ಮುಂದ ಹೇಳ್ರಿ.”

ಬೂಟು ಕಳಚಿದ ರೇವಣಸಿದ್ಧಪ್ಪನವರು ಹೊಸಿಲ ಹೊರಗೇ ನಿಂತರು.