ಹತ್ತಿಯ ಗದೆ

ಅನ್ನನಾಳದ ಕ್ಯಾನ್ಸರಿಗೆ ಆಪರೇಷನ್ ಮಾಡುವ ಮುಂಚೆ ತೆಗೆದ ಬೋನ್ ಸ್ಕ್ಯಾನಿನಲ್ಲಿ ನೀಲವ್ವನ ಗಂಡನ ಪಕ್ಕೆಲುಬಿನ ಮೇಲೊಂದು ಕಪ್ಪು ಚುಕ್ಕೆ ಕಂಡಿತು.

“ರೋಗ ಎಲುಬಿಗೆ ಹಬ್ಬಿದ್ದರೆ ಆಪರೇಷನ್ ಮಾಡಿ ಉಪಯೋಗವಿಲ್ಲ,” ಎಂದರು ಡಾಕ್ಟರು. “ಆದರೆ ಎಲುಬು ಮುರಿದು ಕೂಡಿದ್ದರೂ ಹೀಗೇ ಕಾಣುತ್ತದೆ. ಅಲ್ಲಿ ಯಾವಾಗಲಾದರೂ ಪೆಟ್ಟು ಬಿದ್ದಿತ್ತಾ?”

“ನಾಟಕದಾಗ ಬಿದ್ದದ್ದೂ ಒಂದು ಪೆಟ್ಟೇನ್ರಿ? ಅದೂ ಹೆಂಡ್ತಿ ತಮ್ಮಂದು!” ಗಂಡ ಮೀಸೆ ತಿರುವಿದ.

ನೀಲವ್ವನಿಗೆ ಜೀವ ಬಂದಂತಾಯಿತು. ಹೋದ ವರ್ಷ ಊರ ನಾಟಕದಲ್ಲಿ ಗಂಡ ದುರ್ಯೋಧನ, ತಮ್ಮ ದುಂಡಪ್ಪ ಭೀಮ. ತೊಡೆಗೆ ಬೀಳಬೇಕಾದ ಗದೆ ಪಕ್ಕೆಗೆ ಬಿದ್ದು ಗಂಡ ತಿಂಗಳುಗಟ್ಟಲೆ ನರಳಿದ್ದ. ಅಂದಿನಿಂದ ಅವಳು ತಮ್ಮನ ಜೊತೆ ಮಾತು ಬಿಟ್ಟಿದ್ದಳು. ಈಗ ಅವನಿಗೇ ಫೋನ್ ಹಚ್ಚಿದಳು.

“ಖರೇ ಹೇಳೋ, ಅವತ್ತು ಜೋರ ಹೊಡದಿದ್ದಿ ಹೌದಲ್ಲೋ?”

“ಇನ್ನೂ ಅದನ್ನ ಹಿಡಕೊಂಡು ಕುಂತೀಯೇನಕ್ಕಾ? ಅದು ಹತ್ತೀ ಗದಾ. ನಿನ್ನಾಣಿ, ಹೂವಿನಂಗ ಮುಟ್ಟಿಸೀನಿ.”

“ಹಂಗ ಅನಬ್ಯಾಡೋ! ಎಲುಬು ಮುರದಿದ್ರ ಅವರು ಉಳೀತಾರ. ಹೊಡದೀನಿ ಅನ್ನೋ ನನ್ನಪ್ಪಾ!”



“ಹತ್ತಿ ಒಳಗ ಒನಕಿ ಇತ್ತಕ್ಕಾ,” ದುಂಡಪ್ಪನ ದನಿ ಸಣ್ಣದಾಯಿತು. “ಸಪ್ಪಳ ಛಲೋ ಬರ್ಲಿ ಅಂತ.”

ಇನ್ನೊಂದು ಸ್ಕ್ಯಾನ್ ಮಾಡಿಸಿ ನೋಡಿದ ಡಾಕ್ಟರು ನಕ್ಕರು. “ಎಲುಬು ಮುರಿದು ಕೂಡಿಕೊಂಡ ಗುರುತು ಇದು, ರೋಗವಲ್ಲ. ಆಪರೇಷನ್ ಮಾಡೋಣ.”

“ಮುರದೈತಂತ! ನಮ್ಮವರ ಎಲುಬು ಮುರದೈತಂತ!” ಎನ್ನುತ್ತ ನೀಲವ್ವ ವಾರ್ಡಿನ ತುಂಬ ಪೇಢೆ ಹಂಚಿದಳು. ಓಡೋಡಿ ಬಂದ ತಮ್ಮನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

ಗಂಡ ಮಂಚದ ಮೇಲಿಂದಲೇ ದುಂಡಪ್ಪನನ್ನು ಹತ್ತಿರ ಕರೆದ.

“ಆ ಒನಕಿ ಒಗೀಬ್ಯಾಡ. ಬರೂ ವರ್ಷ ಭೀಮ ನಾನು.”