ಇನ್ನೊಂದೇ ರೌಂಡ್, ಹಾಲೇಶಣ್ಣ

ದಾವಣಗೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ತಿಪ್ಪೇಶ ಸೇಲ್ಸ್‌ಮನ್. ದಿನವಿಡೀ ನಿಂತು ಸೀರೆ ಬಿಚ್ಚುವುದು, ಮತ್ತೆ ಮಡಿಚಿಡುವುದು... ಇದೇ ಕೆಲಸ.

ಅವನದು ಅಂತ ಇದ್ದದ್ದು ಬೆಳಗಿನ ಒಂದು ತಾಸು ಮಾತ್ರ. ಮನೆ ಹತ್ತಿರದ ಶಾಲೆಯ ಮೈದಾನದಲ್ಲಿ ಓಡುತ್ತಿದ್ದ.

ಯಾರಾದರೂ ಏದುಸಿರು ಬಿಡುತ್ತಾ ನಡೆಯುವುದು ಕಂಡರೆ ತಾನೂ ನಿಧಾನಿಸಿ ಅವರ ಜೊತೆ ಹೆಜ್ಜೆ ಹಾಕುತ್ತಿದ್ದ. ಶೂ ಹೇಗಿರಬೇಕು, ಉಸಿರು ಹೇಗೆ ತೆಗೆದುಕೊಳ್ಳಬೇಕು ಅಂತ ಹೇಳಿಕೊಡುತ್ತಿದ್ದ.

ಜನಕ್ಕೆ ಅವನು ಹಿಡಿಸಿದ... "ನೀವೇ ಒಂದು ಬ್ಯಾಚ್ ಶುರು ಮಾಡಿ ಸರ್" ಅಂದರು.

ಮಾಡಿದ. ಆರು ತಿಂಗಳಲ್ಲಿ ಇಪ್ಪತ್ತೆಂಟು ಜನ ಫೀಸು ಕೊಟ್ಟು ಸೇರಿದರು.

ಸೀರೆ ಮಡಿಚುವ ಕೈಗೆ ವಿಸಿಲ್ ಬಂತು. ವಾಟ್ಸ್ಯಾಪ್ ಗ್ರೂಪ್, ದಿನಾ ಒಂದು ಸ್ಟೇಟಸ್ ವಿಡಿಯೋ, ಒಂದು ದಿನವೂ ತಪ್ಪದೆ ಓಡುವ 'ಮೂವತ್ತು ದಿನದ ಚಾಲೆಂಜ್'...

"ಮುಂದಿನ ತಿಂಗಳಿಂದ ನಾನು ಬರಲ್ಲ ಸಾಹುಕಾರ್ರೇ, ಇದನ್ನೇ ಫುಲ್‌ಟೈಮ್ ಮಾಡ್ತೀನಿ" ಅಂತ ಅಂಗಡಿ ಮಾಲೀಕರಿಗೂ ಹೇಳಿಬಿಟ್ಟ.

ಆ ಬ್ಯಾಚಿನಲ್ಲಿ ಎಲ್ಲರಿಗಿಂತ ಹಿಂದೆ ಓಡುತ್ತಿದ್ದವರು ಹಾಲೇಶಪ್ಪ. ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದರು. ವಯಸ್ಸು ಐವತ್ತೆರಡು.

"ಮಗಳ ಮದುವೆ ಐತೆ ಸರ್. ಅಷ್ಟರೊಳಗೆ ಈ ಹೊಟ್ಟೆ ಕರಗಿಸಿಬಿಡಿ" ಅನ್ನುತ್ತಿದ್ದರು. ತಮಗಿಂತ ಹದಿನೈದು ವರ್ಷ ಚಿಕ್ಕವನನ್ನು ಒಂದು ದಿನವೂ ಹೆಸರು ಹಿಡಿದು ಕರೆದವರಲ್ಲ.

ಚಾಲೆಂಜಿನ ಕೊನೆಯ ದಿನ. ತಿಪ್ಪೇಶ ಮೊಬೈಲ್ ಸ್ಟ್ಯಾಂಡ್ ಸರಿಮಾಡುತ್ತಿದ್ದ. ಹಾಲೇಶಪ್ಪ ಹತ್ತಿರ ಬಂದು ಮೆಲ್ಲಗೆ ಹೇಳಿದರು...

"ಸರ್, ಯಾಕೋ ನಾಕು ದಿನದಿಂದ ಎದೆ ಬಿಗಿ ಹಿಡ್ದಂಗೆ ಆಗ್ತೈತೆ. ಎಡಗೈನೂ ಸೆಳೀತೈತೆ. ಇವತ್ತು ಓಡಬೋದಾ?"

ತಿಪ್ಪೇಶ ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ.

"ಕೊನೇ ದಿನ ನೆಪ ಹೇಳಬಾರ್ದು ಹಾಲೇಶಣ್ಣ. ಎಲ್ಲಾ ಮನಸ್ಸಲ್ಲಿರೋದು. ಓಡಿ, ತಾನೇ ಬಿಡುತ್ತೆ."

ಹಾಲೇಶಪ್ಪ ನಕ್ಕರು... ಓಡಿದರು. ನಿಂತಾಗ, "ಇನ್ನೊಂದೇ ರೌಂಡ್" ಅಂತ ತಿಪ್ಪೇಶ ಕೂಗಿದ. ಅದನ್ನೂ ಓಡಿದರು. ವಿಡಿಯೋದಲ್ಲಿ ಹೆಬ್ಬೆರಳು ಎತ್ತಿ ತೋರಿಸಿದರು.

ಮನೆಗೆ ಹೋಗಿ ಕುರ್ಚಿಯಲ್ಲಿ ಕೂತು ನೀರು ಕೇಳಿದರಂತೆ. ಹೆಂಡತಿ ನೀರು ತರುವಷ್ಟರಲ್ಲಿ ತಲೆ ವಾಲಿತ್ತು... ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಮಣ್ಣಿಗೆ ಬಂದವರೆಲ್ಲ, "ದಿನಾ ಓಡ್ತಿದ್ದ ಮನುಷ್ಯ, ಹಣೆಬರಹ ನೋಡ್ರಿ" ಅಂದರು. ಯಾರೂ ತಿಪ್ಪೇಶನ ಕಡೆ ಬೆರಳು ತೋರಿಸಲಿಲ್ಲ.

ಹಾಲೇಶಪ್ಪ ಅವತ್ತು ಬೆಳಿಗ್ಗೆ ಏನು ಹೇಳಿದ್ದರು ಅನ್ನುವುದು ಅವನೊಬ್ಬನಿಗೇ ಗೊತ್ತಿತ್ತು...

ಬ್ಯಾಚ್ ನಿಲ್ಲಿಸಿದ. ಗ್ರೂಪ್ ಮುಚ್ಚಿದ. ಮಾಲೀಕರ ಮುಂದೆ ತಲೆ ತಗ್ಗಿಸಿ ನಿಂತು ಮತ್ತೆ ಸೀರೆ ಮಡಿಚುವ ಕೆಲಸಕ್ಕೆ ಸೇರಿಕೊಂಡ.

ಮೂರು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಅಂಗಡಿಗೆ ಒಬ್ಬ ಹೆಂಗಸು ಬಂದರು. ಹಾಲೇಶಪ್ಪನವರ ಹೆಂಡತಿ, ಸರ್ವಮಂಗಳಮ್ಮ.

"ನಿಂತಿದ್ದ ಮದುವೆ ಮುಂದಿನ ತಿಂಗಳು ಇಟ್ಕೊಂಡೀವಿ. ಮಗಳಿಗೆ ಧಾರೆ ಸೀರೆ ತೋರ್ಸಿ ತಮ್ಮಾ" ಅಂದರು.

ತಿಪ್ಪೇಶ ಒಂದು ಸೀರೆ ಬಿಚ್ಚಿದ. ಎರಡನೆಯದು ಬಿಚ್ಚಿದ. ಮೂರನೆಯದನ್ನು ಬಿಚ್ಚದೆ ಕೆಳಗಿಟ್ಟ...

"ಅಕ್ಕ... ನಿಮಗೊಂದು ಮಾತು ಹೇಳಬೇಕು. ಹಾಲೇಶಣ್ಣ ಅವತ್ತು ನನ್ನ ಹತ್ರ ಹೇಳಿದ್ರು. ನಾಕು ದಿನದಿಂದ ಎದೆ ಬಿಗಿ ಹಿಡೀತಿದೆ ಅಂತ. ಓಡಬೋದಾ ಅಂತ ಕೇಳಿದ್ರು. ನಾನೇ ಓಡಿಸ್ದೆ."

ಸರ್ವಮಂಗಳಮ್ಮ ತಲೆ ಎತ್ತಿ ಅವನನ್ನೇ ನೋಡಿದರು. ಕೈಯಲ್ಲಿದ್ದ ಸೀರೆಯ ಸೆರಗನ್ನು ಹಾಗೇ ಹಿಡಿದಿದ್ದರು.

"ನಿಮಗೆ ಹೇಳಿದ್ರಾ..." ಅಂದರು.

"ಆ ನಾಕು ದಿನ ರಾತ್ರಿ ಗೋಡೆಗೆ ಒರಗಿ ಕೂತಿರ್ತಿದ್ರು. ಯಾಕ್ರೀ ಅಂದ್ರೆ, ಸೆಕೆ ಅಂತಿದ್ರು. ಇಪ್ಪತ್ತಾರು ವರ್ಷ ಸಂಸಾರ ಮಾಡಿದೋಳಿಗೆ ಒಂದು ಮಾತು ಹೇಳಲಿಲ್ಲ. ಯಾಕೆ ಯಾರಿಗೂ ಹೇಳದೆ ಹೋದ್ರು ಅಂತ ಮೂರು ತಿಂಗಳಿಂದ ಕೊರಗ್ತಿದ್ದೆ ತಮ್ಮಾ."

ಸೆರಗನ್ನು ಕೌಂಟರಿನ ಮೇಲೆ ಬಿಟ್ಟು ಹೇಳಿದರು...

"ನಾನು ಹೆದರ್ಕೊಂತೀನಿ ಅಂತ ಹೇಳದೆ ಬಿಟ್ಟಿರಬೇಕು. ನಿಮಗೆ ತಿಳಿಯುತ್ತೆ ಅಂತ ನಂಬಿ ನಿಮ್ಮ ಹತ್ರ ಬಂದಿದಾರೆ."

ತಿಪ್ಪೇಶ ಕೌಂಟರಿನ ಹಿಂದೆ ನೆಲಕ್ಕೆ ಕುಸಿದು, ಬಾಯಿಗೆ ಕೈ ಒತ್ತಿ ಅತ್ತ.

"ಬೈದುಬಿಡಿ ಅಕ್ಕ..."

"ಬೈದ್ರೆ ಅವರು ಬರ್ತಾರಾ? ಕ್ಷಮಿಸ್ದೆ ಅನ್ನೋದಕ್ಕೂ ನನಗೆ ಬಾಯಿ ಬರ್ತಿಲ್ಲ" ಅಂದರು ಆಕೆ. "ಆದ್ರೆ ನೀವು ಮತ್ತೆ ಮೈದಾನಕ್ಕೆ ಹೋಗಬೇಕು. ಮನೇಲಿ ಹೇಳದ್ದನ್ನ ಹೇಳಕ್ಕೆ ಇನ್ಯಾರೋ ಬರ್ತಾರೆ. ಅವರ ಮಾತಾದ್ರೂ ಕೇಳಿಸ್ಕೊಳ್ಳಿ."

ಸೀರೆ ಕೊಳ್ಳದೆ, ಕಣ್ಣೊರೆಸಿಕೊಂಡು ಮೆಟ್ಟಿಲಿಳಿದು ಹೋದರು.

ತಿಪ್ಪೇಶ ಮತ್ತೆ ಮೈದಾನಕ್ಕೆ ಹೋದ... ಹಳಬರಲ್ಲಿ ಒಂಬತ್ತು ಜನ ಬಂದರು. ಮೊದಲು ಎಲ್ಲರನ್ನೂ ಡಾಕ್ಟರ ಹತ್ತಿರ ಕಳಿಸಿ ತಪಾಸಣೆ ಮಾಡಿಸಿದ.

ಈಗ ಅವನು ವಿಡಿಯೋ ಮಾಡುವುದಿಲ್ಲ. ದಿನಾ ಓಡುವ ಮುಂಚೆ ಒಬ್ಬೊಬ್ಬರ ಎದುರೂ ನಿಂತು, ಅವರ ಮುಖ ನೋಡಿ, "ಇವತ್ತು ಮೈ ಹೇಗಿದೆ?" ಅಂತ ಕೇಳುತ್ತಾನೆ. ಅವರು ಉತ್ತರ ಹೇಳಿ ಮುಗಿಸುವ ತನಕ ಅಲ್ಲಿಂದ ಕದಲುವುದಿಲ್ಲ.

ಮೊನ್ನೆ ಒಬ್ಬ ಟೀಚರಮ್ಮ, "ಯಾಕೋ ಸುಸ್ತು ಸರ್" ಅಂದರು. ಓಡಿಸಲಿಲ್ಲ, ತಾನೇ ಆಟೋದಲ್ಲಿ ಕರೆದುಕೊಂಡು ಹೋಗಿ ಇಸಿಜಿ ಮಾಡಿಸಿದ.

"ಏನೂ ಇಲ್ವಂತೆ ಸರ್, ಸುಮ್ನೆ ಗಾಬರಿ ಬಿದ್ರಿ" ಅಂತ ಆಕೆ ನಕ್ಕರು.

ತಿಪ್ಪೇಶನಿಗೆ ನಗಲಾಗಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತ... ಮೈದಾನದಿಂದ ಅಲ್ಲಿಗೆ ಬರಲು ಬರೀ ಹತ್ತು ನಿಮಿಷ ಹಿಡಿದಿತ್ತು.

*

ಹವ್ಯಾಸ ಕೆಲಸವಾದ ದಿನದಿಂದ, ನಮ್ಮನ್ನು ನಂಬಿದವರ ಜೀವವೂ ನಮ್ಮ ಜವಾಬ್ದಾರಿ.

ಇವತ್ತು ನಿಮ್ಮ ಹತ್ತಿರ ಯಾರಾದರೂ ಮೆಲ್ಲಗೆ ಏನೋ ಹೇಳಲು ಬಂದಾಗ... ನಿಮ್ಮ ಕಣ್ಣು ಎಲ್ಲಿತ್ತು?